ಕಂಬಳಿ ಸೂರಿನ ಕಾರು

ನಮ್ಮ ಹಿತ್ತಲಿನ ಹೀರೆ ಬಳ್ಳಿ ಹಬ್ಬಿರುವುದು ಒಂದು ಕಬ್ಬಿಣದ ಕಡ್ಡಿಯ ಮೇಲೆ. ಬೆರಳಿಗಿಂತ ತೆಳ್ಳಗಿನ, ಬಿಲ್ಲಿನ ಹಾಗೆ ಬಾಗಿದ, ಎರಡೂ ತುದಿಯಲ್ಲಿ ಚೂರು ಮಡಿಚಿಕೊಂಡಿರುವ ಕಡ್ಡಿ. ಮೊನ್ನೆ ಪಕ್ಕದ ಮನೆಯಾಕೆ ಹೀರೆಕಾಯಿ ಕೊಯ್ಯಲು ಬಂದವರು (ಕಾಯಿ ನಮ್ಮದು, ಕೊಯ್ಯುವ ಸಂಭ್ರಮ ಅವರದು) ಇಂಥ ಕಡ್ಡಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿದರು. ಅಂಗಡಿಯಲ್ಲಿ ಸಿಗುವುದಿಲ್ಲ, ಅದು ಕಾರಿನ ಸೂರಿನದು ಎಂದೆ. ಅವರು ನನ್ನ ಮುಖ ನೋಡಿದರು, ಕಾಯಿಗಳನ್ನು ಸೆರಗಿಗೆ ಹಾಕಿಕೊಂಡರು, ಹೆಚ್ಚು ಕೇಳದೆ ಹೋದರು. ಕೇಳಿದ್ದರೆ ಅವರ ಒಲೆಯ ಮೇಲಿನ ಸಾರು ಉಕ್ಕಿ ಹೋಗುತ್ತಿತ್ತು. ಅವರಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನಿಮ್ಮ ಒಲೆ ನೀವು ನೋಡಿಕೊಳ್ಳಿ.

ಈಗಿನ ಕಾರುಗಳಲ್ಲಿ ತಲೆಯ ಮೇಲೆ ಏನಿದೆ ಎಂದು ಯಾರೂ ಕತ್ತೆತ್ತಿ ನೋಡುವುದಿಲ್ಲ. ರಟ್ಟಿನಂಥದ್ದೇನೋ ಒಂದನ್ನು ಅಂಟಿಸಿ ಕಳಿಸಿರುತ್ತಾರೆ. ಹಳೆಯ ಕಾರುಗಳ ಸಂಗತಿ ಬೇರೆ. ತಗಡಿನ ಒಳಮೈಗೆ ಈ ಪಕ್ಕದಿಂದ ಆ ಪಕ್ಕಕ್ಕೆ ಇಂಥ ಬಾಗಿದ ಕಡ್ಡಿಗಳನ್ನು ಸಾಲಾಗಿ ಕೂರಿಸಿ, ಅವುಗಳಿಂದ ಒಂದು ಬಟ್ಟೆಯನ್ನು ಇಳಿಬಿಟ್ಟು, ನಾಲ್ಕೂ ಅಂಚಿಗೆ ಎಳೆದು ಬಿಗಿದಿರುತ್ತಿದ್ದರು. ಲಂಗದ ನೇಫೆಯಲ್ಲಿ ಲಾಡಿ ಹೋದ ಹಾಗೆ ಬಟ್ಟೆಯ ಮಡಿಕೆಯಲ್ಲಿ ಕಡ್ಡಿ ಹೋಗಿರುತ್ತಿತ್ತು. ಬಟ್ಟೆಗೂ ತಗಡಿಗೂ ನಡುವೆ ಹತ್ತಿಯದೋ ನಾರಿನದೋ ಒಂದು ಪದರ. ನಮ್ಮ ಮನೆಯಲ್ಲಿ ಅದಕ್ಕೆ ಸೂರು ಎಂದೇ ಹೆಸರು.

ನಮ್ಮದು ಲ್ಯಾಂಡ್‌ಮಾಸ್ಟರ್ ಕಾರು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಗಿರಣಿ ಹಾಕಿದ ತಾತ ಬಳ್ಳಾರಿಯ ಯಾರೋ ವಕೀಲರಿಂದ ಅದನ್ನು ಕೊಂಡು ತಂದಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ಅದು ಮನೆಯ ಹಿರಿಯರಲ್ಲಿ ಒಬ್ಬರಾಗಿತ್ತು. ಬೆಳಿಗ್ಗೆ ಎಬ್ಬಿಸಿದರೆ ಕೆಮ್ಮುತ್ತಿತ್ತು, ಚಳಿಗಾಲದಲ್ಲಿ ನಾಲ್ಕು ಜನ ಹಿಂದಿನಿಂದ ನೂಕಿ ಸಮಾಧಾನ ಮಾಡಬೇಕಿತ್ತು. ನಮ್ಮದು ಮಾಳಿಗೆ ಮನೆ. ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದವರಿಗೆ ಸೂರಿನ ಮೇಲೆ ಪೂರ್ತಿ ನಂಬಿಕೆ ಇರುವುದಿಲ್ಲ. ಹಾಲಿನ ಲೋಟದ ಮೇಲೆ ಅಂಗೈ ಮುಚ್ಚಿಕೊಂಡೇ ಕುಡಿಯುತ್ತಾರೆ. ಮೇಲೆ ಬೆಕ್ಕು ನಡೆದರೂ ಕೆಳಗೆ ಮಣ್ಣು ಉದುರುತ್ತಿತ್ತು. ಮನೆಯಲ್ಲಿ ಏನೂ ಉದುರದ ಸೂರು ಇದ್ದದ್ದು ಆ ಕಾರಿಗೆ ಮಾತ್ರ. ಬೇಸಿಗೆಯ ಮಧ್ಯಾಹ್ನ ಬೇವಿನ ಮರದ ಕೆಳಗೆ ನಿಂತಿರುತ್ತಿದ್ದ ಕಾರಿನೊಳಗೆ ನುಗ್ಗಿ, ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿ, ಎರಡೂ ಪಾದಗಳನ್ನು ಆ ಮೆತ್ತನೆಯ ಬೂದು ಬಟ್ಟೆಗೆ ಒತ್ತುವುದು ನಮ್ಮ ಆಟವಾಗಿತ್ತು. ಮಕ್ಕಳ ಪಾದ ಹಿಂದೆ, ಎಣ್ಣೆ ಗಿರಣಿಯವರ ತಲೆ ಮುಂದೆ. ಎರಡರ ಗುರುತೂ ಆ ಬಟ್ಟೆಯ ಮೇಲೆ ಉಳಿದಿತ್ತು.

ಅಪ್ಪ, ಅವ್ವ ಇಬ್ಬರೂ ಸೇರಿದರೆ ಒಬ್ಬ ಒಳ್ಳೆಯ ಡ್ರೈವರ್. ಸ್ಟೇರಿಂಗ್ ತಿರುಗಿಸುವುದು, ಗೇರು ಹಾಕುವುದು ಅಪ್ಪನ ಪಾಲಿಗೆ. ರಸ್ತೆ ನೋಡುವುದು ಅವ್ವನ ಪಾಲಿಗೆ. ಅವ್ವ ಮುಂದಿನ ಎಡಗಡೆ ಸೀಟಿನಲ್ಲಿ ಎಲೆ ಅಡಿಕೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಎತ್ತು ಐತೆ ನೋಡ್ರಿ, ಹಳ್ಳ ಐತೆ ನೋಡ್ರಿ, ಆ ಅಜ್ಜ ಅತ್ತಾಗೆ ಹೋಗ್ತಾನೋ ಇತ್ತಾಗೆ ಬರ್ತಾನೋ ನೋಡ್ರಿ ಎಂದು ಹೇಳುತ್ತ, ನಡುನಡುವೆ ಸುಣ್ಣ ಸವರಿದ ಎಲೆಯನ್ನು ಅಪ್ಪನ ಬಾಯಿಗೆ ಇಡುತ್ತಿದ್ದಳು. ಮನೆಯಲ್ಲಿ ಅವರಿಬ್ಬರೂ ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ. ಇಪ್ಪತ್ತೈದು ವರ್ಷದ ಸಂಸಾರದ ಮಾತೆಲ್ಲ ಆ ಕಾರಿನಲ್ಲೇ ಆಗಿದೆ ಎಂದು ನನ್ನ ಲೆಕ್ಕ.

ಅವ್ವನ ತವರು ಮೊಳಕಾಲ್ಮುರು. ಅವಳ ತಮ್ಮ ಶೇಖರಮಾವನಿಗೆ ಅಲ್ಲಿ ರೇಷ್ಮೆ ಸೀರೆಯ ವ್ಯಾಪಾರ. ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ, ತೊಂಬತ್ತರ ದಶಕದ ನಡುವೆ, ಮಾವನ ಮಗಳ ನಿಶ್ಚಿತಾರ್ಥವಾಯಿತು. ಅವ್ವ ಸೋದರತ್ತೆ, ಹೊಸ ಸೀರೆ, ಬಿಗಿಯಾದ ತುರುಬು, ಮುಡಿ ತುಂಬ ಕನಕಾಂಬರ. ತಳಕು ದಾಟಿ, ಬಿ.ಜಿ. ಕೆರೆ ದಾಟಿ, ಶೇಂಗಾ ಹೊಲಗಳ ನಡುವೆ ಕಾರು ಹೋಗುತ್ತಿತ್ತು. ಅವ್ವ ಹಳ್ಳ ಐತೆ ನೋಡ್ರಿ ಎಂದಳು. ಅಪ್ಪ ನೋಡಲಿಲ್ಲ. ಕಾರು ಒಮ್ಮೆ ಎಗರಿ ಕೂತಿತು, ತಲೆಯ ಮೇಲೆ ಪರ್ ಎಂದು ಸದ್ದಾಯಿತು, ಸೂರು ಮುಂದಿನಿಂದ ಹಿಂದಿನವರೆಗೆ ಬಾಯಿಬಿಟ್ಟು ಅಷ್ಟೂ ವರ್ಷಗಳ ಧೂಳು, ಹುಡಿಯಾದ ನಾರು, ಇಲಿ ತಂದಿಟ್ಟ ಶೇಂಗಾ ಸಿಪ್ಪೆ ಎಲ್ಲವನ್ನೂ ನಮ್ಮ ಮೇಲೆ ಸುರಿಯಿತು. ಹೆಚ್ಚಿನ ಪಾಲು ಅವ್ವನ ತಲೆಗೇ ಬಿತ್ತು.

ಮಾವನ ಮನೆಯ ಮುಂದೆ ಇಳಿದಾಗ ಅವ್ವನ ಕನಕಾಂಬರ ಯಾವ ಬಣ್ಣದ್ದೆಂದು ಹೇಳುವಂತಿರಲಿಲ್ಲ. ಶೇಖರಮಾವನ ಹೆಂಡತಿ ಗಿರಿಜತ್ತೆ ಆಂಧ್ರದ ಗಡಿಯ ಊರಿನವಳು, ಬಾಯಲ್ಲಿ ತೆಲುಗು ಕನ್ನಡ ಎರಡೂ ಒಟ್ಟೊಟ್ಟಿಗೆ ಬರುತ್ತವೆ, ಅತ್ತಿಗೆ ಎನ್ನಲು ವದಿನ ಎನ್ನುತ್ತಾಳೆ. ಆಕೆ ಬೀಗರೆಲ್ಲ ಕೇಳುವ ಹಾಗೆ, "ಏಮಿ ವದಿನಾ, ಹಿಟ್ಟಿನ ಗಿರಣಿಯಿಂದ ಸೀದಾ ಬಂದ್ರಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ಅದೇ ತಪ್ಪಾಯಿತು.

ಅವ್ವ ಕನಕಾಂಬರ ಕೊಡವಿಕೊಂಡು ಒಳಗೆ ಹೋದಳು. ಸಂಜೆ ವಾಪಸು ಹೊರಟಾಗ ಕಾರಿನ ಬಾಗಿಲ ಬಳಿ ನಿಂತು, ತಣ್ಣಗೆ, "ತಲೆ ಮೇಲೆ ಮಣ್ಣು ಹಾಕೋ ಗಾಡಿಯಾಗೆ ನಾ ಕೂರಲ್ಲ. ಮೇಲೆ ನೆಟ್ಟಗೆ ಸೂರಾಗಿ, ಬಿಸಿಲಾಗೆ ನಿಂತು ತೋರಿಸ್ಲಿ, ಆವಾಗ ನೋಡಾನ" ಎಂದಳು. ಹಾಗೆಂದವಳೇ ನನ್ನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಳು. ನಮ್ಮ ಅವ್ವ ಒಂದು ಮಾತು ಆಡಿದಳೆಂದರೆ ಅದು ಆಯಿತು. ಅದನ್ನು ಹಿಂದಕ್ಕೆ ತೆಗೆಸಲು ಅವಳಿಂದಲೂ ಆಗುತ್ತಿರಲಿಲ್ಲ.

ಅಂದಿನಿಂದ ಶುರುವಾದದ್ದನ್ನು ಚಳ್ಳಕೆರೆಯವರು ಇನ್ನೂ ಮರೆತಿಲ್ಲ. ಅವ್ವ ತವರಿಗೆ ಹೋಗುವಾಗ ಬಸ್ಸಿನಲ್ಲಿ. ಅಪ್ಪ ಅದೇ ಬಸ್ಸಿನ ಹಿಂದೆ ಕಾರಿನಲ್ಲಿ. ಹಿಂದೆ ಯಾಕೆ ಎಂದರೆ, ಮುಂದೆ ಹೋದರೆ ರಸ್ತೆ ಹೇಳುವವರಿಲ್ಲ. ಬಸ್ಸು ತಿರುಗಿದರೆ ತಿರುಗಬಹುದು, ನಿಂತರೆ ನಿಲ್ಲಬಹುದು. ತಳಕಿನಲ್ಲಿ ಬಸ್ಸು ನಿಂತರೆ ಅಪ್ಪ ಇಳಿದು ಬಂದು ಅವ್ವನ ಕಿಟಕಿಯ ಕೆಳಗೆ ನಿಲ್ಲುತ್ತಿದ್ದರು. ಅವ್ವ ಮೇಲಿನಿಂದ ಎಲೆ ಮಡಿಚಿ ಕೊಡುತ್ತಿದ್ದಳು. ಕಾರು ಕಾಣಿಸದಷ್ಟು ಹಿಂದೆ ಬಿದ್ದರೆ ಕಂಡಕ್ಟರ್ ತಾನೇ ಸೀಟಿ ಊದಿ, ಸಾವ್ಕಾರ್ರು ಬರ್ಲಿ ತಡಿ ಎಂದು ಬಸ್ಸು ನಿಧಾನ ಮಾಡಿಸುತ್ತಿದ್ದ. ಒಳಗಿದ್ದವರು ಹಿಂದಿನ ಗಾಜಿನಲ್ಲಿ ಇಣುಕಿ ವರದಿ ಒಪ್ಪಿಸುತ್ತಿದ್ದರು. ನಾನು ಮುಖ ಮುಚ್ಚಿಕೊಂಡು ಕೂರುತ್ತಿದ್ದೆ. ಅವ್ವನಿಗೆ ಅದಾವುದೂ ಇರಲಿಲ್ಲ. ಬಸ್ಸಿನಲ್ಲಿ ಅವಳಿಗೆ ಗೆಳತಿಯರಾಗಿಬಿಟ್ಟಿದ್ದರು.

ಹೊರಗೆ ನಗೆಯಾದರೂ ಅಪ್ಪ ಒಳಗೇ ಸೊರಗುತ್ತಿದ್ದರು. ಕಾರಿನಲ್ಲಿ ಎಷ್ಟೇ ಜನರಿದ್ದರೂ ಮುಂದಿನ ಎಡಗಡೆ ಸೀಟಿಗೆ ಯಾರನ್ನೂ ಕೂರಿಸುತ್ತಿರಲಿಲ್ಲ. ಹಿಂದೆ ಐದು ಜನ ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದರೂ ಅದು ಖಾಲಿ. ಕೇಳಿದರೆ ಸ್ಪ್ರಿಂಗು ಸರಿಯಿಲ್ಲ ಎನ್ನುತ್ತಿದ್ದರು. ಮೇ ತಿಂಗಳಲ್ಲಿ ಮಾವನ ಮಗಳ ಮದುವೆ. ನೆಂಟರಿಷ್ಟರೆಲ್ಲ ಸೇರುವ ಜಾಗಕ್ಕೆ ಗಂಡ ಒಂದು ಗಾಡಿ, ಹೆಂಡತಿ ಒಂದು ಗಾಡಿ ಎಂದು ಬಂದಿಳಿದರೆ ಗಿರಿಜತ್ತೆಯ ಬಾಯಿಗೆ ಸಿಕ್ಕಿ ಉಳಿಯುವವರುಂಟೇ? ಮದುವೆಗೆ ಮುಂಚೆ ಅವ್ವನನ್ನು ಆ ಸೀಟಿನಲ್ಲಿ ಕೂರಿಸಬೇಕು. ಅಪ್ಪನಿಗೆ ಆ ಬೇಸಿಗೆಯಲ್ಲಿ ಶೇಂಗಾ ಧಾರಣೆಗಿಂತ ಅದೇ ದೊಡ್ಡ ಚಿಂತೆಯಾಯಿತು.

ಸೂರು ಹಾಕಲು ಬುಡೇನ್ ಸಾಬರು ಬಂದರು. ಪೇಟೆಯಲ್ಲಿ ಕುಶನ್ ಅಂಗಡಿ ಇಟ್ಟಿದ್ದರು. ಹಿಂದೆ ಜಟಕಾ ಗಾಡಿಗಳ ಕಮಾನಿಗೆ ಬಟ್ಟೆ ಹೊಲಿದವರು, ಆಮೇಲೆ ಟ್ರ್ಯಾಕ್ಟರ್ ಸೀಟುಗಳಿಗೆ ಬಂದವರು. ಕೈಗಿಂತ ಬಾಯಿ ಮುಂದೆ. ಕಾರಿನೊಳಗೆ ತಲೆ ಹಾಕಿ ನೋಡಿ, ಇದೇನು ಮಹಾ, ನಾನು ಮೋಟಾರುಗಳ ಹೊಟ್ಟೆಯೊಳಗೇ ಬೆಳೆದವನು ಎಂದು, ಕಡ್ಡಿಗಳನ್ನೆಲ್ಲ ಬಿಚ್ಚಿ ಬೇವಿನ ಕಟ್ಟೆಯ ಮೇಲೆ ಒರಗಿಸಿದರು. ಕೆನೆ ಬಣ್ಣದ ರೆಕ್ಸಿನ್ ತಂದರು. ಕಡ್ಡಿಗೆ ಪೋಣಿಸಿ ಹೊಲಿಯುವುದೆಲ್ಲ ಹಳೇ ಕಾಲದ್ದು, ಈಗೆಲ್ಲ ಗಮ್ಮು ಎಂದು ಡಬ್ಬಿಗಟ್ಟಲೆ ಗಮ್ಮು ಸವರಿ ತಗಡಿಗೇ ಅಂಟಿಸಿದರು. ಬೆಳಿಗ್ಗೆ ಹತ್ತು ಗಂಟೆಗೆ ಸೂರು ಕನ್ನಡಿಯ ಹಾಗೆ ನುಣ್ಣಗಿತ್ತು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿ, ಒಳಗೆ ಹೋಗಿ ಅವ್ವನನ್ನು ಕರೆದರು. ಅವ್ವ ಬಿಸಿಲಿಗೆ ನಿಲ್ಲಲಿ ಎಂದಳು.

ಬಿಸಿಲಿಗೆ ನಿಲ್ಲಿಸಿದರು. ಚಳ್ಳಕೆರೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತಿರದಿದ್ದರೆ ಹೇಗೆ ಹೇಳಲಿ, ನಮ್ಮಲ್ಲಿ ಸಂಡಿಗೆ ಒಣಗಿಸಲು ಇಟ್ಟು ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ಮಧ್ಯಾಹ್ನ ಅಪ್ಪ, ಬುಡೇನ್ ಸಾಬರು ಇಬ್ಬರೂ ಪರೀಕ್ಷೆಗೆಂದು ಒಳಗೆ ಕೂತರು. ಅವ್ವ ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಮೂಲೆಯೊಂದು ಸಡಿಲವಾಯಿತು, ಆಮೇಲೆ ಇನ್ನೊಂದು, ಆಮೇಲೆ ಇಡೀ ರೆಕ್ಸಿನ್ ಯಾವ ಅವಸರವೂ ಇಲ್ಲದೆ ಇಳಿದು ಇಬ್ಬರನ್ನೂ ಮುಚ್ಚಿಕೊಂಡಿತು. ಗಮ್ಮು ಹತ್ತಿದ ರೆಕ್ಸಿನ್ ಒಳಗಿನಿಂದ ಬುಡೇನ್ ಸಾಬರ ದನಿ ಬಂತು: "ಗಮ್ಮಿಂದ್ ಏನೂ ಕಸೂರ್ ಇಲ್ರಿ ಸಾವ್ಕಾರ್ರೆ. ನಿಮ್ಮೂರ್ ಬಿಸಿಲ್ ಸರಿಯಿಲ್ಲ." ಅವರು ಹುಟ್ಟಿದ್ದೂ ಬೆಳೆದದ್ದೂ ಅದೇ ಊರಿನಲ್ಲಿ. ಅಪ್ಪನ ಮೀಸೆಯಲ್ಲಿನ ಗಮ್ಮು ತೆಗೆಯಲು ಗಿರಣಿಯ ಒಂದು ಲೋಟ ಶೇಂಗಾ ಎಣ್ಣೆ ಬೇಕಾಯಿತು. ಅವ್ವ ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ ಇದ್ದಳು. ಆದರೆ ಅವಳ ಭುಜ ಅಲುಗುತ್ತಿದ್ದದ್ದನ್ನು ನಾನು ನೋಡಿದೆ.

ಕಂಬಳಿಯ ವಿಚಾರ ಅಪ್ಪನಿಗೆ ಹೊಳೆದದ್ದು ಕುದಾಪುರದ ಕಡೆ. ಈಗ ಅಲ್ಲಿ ವಿಜ್ಞಾನದವರ ದೊಡ್ಡ ದೊಡ್ಡ ಕಾಂಪೌಂಡು, ಗೇಟು, ಗೇಟಿಗೊಬ್ಬ ಕಾವಲುಗಾರ. ಆಗ ಕಣ್ಣು ಹೋಗುವವರೆಗೂ ಹುಲ್ಲು, ಹುಲ್ಲಿನ ಮೇಲೆ ಕುರಿ, ಕುರಿಗಳ ನಡುವೆ ಎಲ್ಲೋ ಒಬ್ಬ ಮನುಷ್ಯ. ಶೇಂಗಾ ನೋಡಲು ಹೋಗಿದ್ದ ಅಪ್ಪ ನಡುಮಧ್ಯಾಹ್ನ ಒಬ್ಬ ಕುರಿಗಾಹಿ ಕರಿ ಕಂಬಳಿಯನ್ನು ತಲೆಯಿಂದ ಮೊಣಕಾಲಿನವರೆಗೆ ಹೊದ್ದುಕೊಂಡು ಬಯಲಿನಲ್ಲಿ ಕೂತಿದ್ದನ್ನು ನೋಡಿದರು. ಈ ಬಿಸಿಲಲ್ಲಿ ಕಂಬಳಿ ಯಾಕಪ್ಪ ಎಂದು ಅವನನ್ನು ಕೇಳಿದರಂತೆ. ಅವನು ಕಂಬಳಿಯ ಒಳಗಿನಿಂದಲೇ, ನಿದ್ದೆ ಬರ್ತೈತೆ ಅದಕ್ಕೆ, ಎಬ್ಬಿಸಬ್ಯಾಡ್ರಿ ಎಂದನಂತೆ. ಅಷ್ಟೇ ಮಾತು. ಅಪ್ಪನಿಗೆ ಅಷ್ಟು ಸಾಕಾಯಿತು. ಬಿಸಿಲಲ್ಲಿ ಒಬ್ಬ ಮನುಷ್ಯ ನಿದ್ದೆ ಮಾಡಬಲ್ಲ ಎಂದರೆ ಅದೇ ಸೂರು, ಮಿಕ್ಕಿದ್ದೆಲ್ಲ ಬಟ್ಟೆ ಎಂದು ಮನೆಗೆ ಬಂದು ಸಾರಿದರು.

ಚಳ್ಳಕೆರೆಯಲ್ಲಿ ಕಂಬಳಿಗೇನು ಬರವೇ? ಮಾರನೆಯ ಸಂತೆಯಲ್ಲಿ ಅಪ್ಪ ಕಂಬಳಿಗಳನ್ನು ಒಂದೊಂದಾಗಿ ಬಿಡಿಸಿ, ತಲೆಯ ಮೇಲೆ ಹಿಡಿದು, ಅದರ ಕೆಳಗೆ ಕಣ್ಣು ಮುಚ್ಚಿ ನಿಂತು ಪರೀಕ್ಷಿಸಿ, ಎರಡು ಕರಿ ಕಂಬಳಿ ಆರಿಸಿದರು. ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಅದು ಹಲಗೆಯಷ್ಟು ಸೆಟೆದಿರುತ್ತದೆ, ಅದರ ವಾಸನೆಗೆ ಅದೇ ಸಾಟಿ. ಬುಡೇನ್ ಸಾಬರು ತೌಬಾ ಎಂದು ಕಿವಿ ಹಿಡಿದುಕೊಂಡರು. ಅವರ ಸೂಜಿ ಕಂಬಳಿಯೊಳಗೆ ಹೋಗಲಿಲ್ಲ. ಕೊನೆಗೆ ನಮ್ಮ ಗಿರಣಿಯ ಕೆಂಚಪ್ಪ ಗೋಣಿಚೀಲ ಹೊಲಿಯುವ ದಬ್ಬಳ ತಂದು ಕೊಟ್ಟ. ಕೆಂಚಪ್ಪ ತಾತನ ಕಾಲದಿಂದ ಗಿರಣಿಯ ಮೇಸ್ತ್ರಿ, ಕುರಿ ಸಾಕುವ ಮನೆತನದವನು. ಇಬ್ಬರೂ ಸೇರಿ ಗೋಣಿ ದಾರದಲ್ಲಿ ಕಂಬಳಿಗೆ ಕಡ್ಡಿಗಳನ್ನು ಹೊಲಿದು, ಅಂಚಿಗೆ ಮೊಳೆ ಬಡಿದು, ಸೂರು ಏರಿಸಿದರು. ಎಲ್ಲ ಮುಗಿದ ಮೇಲೆ ನೋಡಿದರೆ ಬೇವಿನ ಕಟ್ಟೆಯ ಮೇಲೆ ಒಂದು ಕಡ್ಡಿ ಉಳಿದಿತ್ತು. ಕಂಬಳಿ ಸೆಟೆದುಕೊಂಡಿದ್ದರಿಂದ ಅದು ಬೇಕಾಗಿರಲಿಲ್ಲ. ಬುಡೇನ್ ಸಾಬರು ಮಾತ್ರ, ಕಂಪನಿಯೋರು ಎಕ್ಸ್‌ಟ್ರಾ ಕೊಟ್ಟಿರ್ತಾರ್ರಿ, ಸ್ಟೆಪ್ನಿ ಕೊಡೋದಿಲ್ವ ಹಂಗೆ ಎಂದರು. ಅದೇ ಈಗ ನಮ್ಮ ಹೀರೆ ಬಳ್ಳಿ ಹೊತ್ತಿರುವ ಕಡ್ಡಿ.

ಸೂರು ಬೀಳಲಿಲ್ಲ. ಬೀಳುವುದಿರಲಿ, ಬಿಸಿಲಲ್ಲಿ ಒಂದಿಡೀ ದಿನ ನಿಂತರೂ ಕಾರಿನ ಒಳಗೆ ಮಣ್ಣಿನ ಮಡಕೆಯೊಳಗಿನ ತಂಪು. ತೊಂದರೆ ಒಂದೇ, ಕೂದಲು. ಕಾರಿನಿಂದ ಇಳಿದವರ ಬಿಳಿ ಅಂಗಿಯ ಮೇಲೆಲ್ಲ ಕರಿ ಉಣ್ಣೆ. ಕಂಬಳಿಯಲ್ಲಿ ಕೂತು ಉಂಡು ಕೂದಲಿಗೆ ಹೇಸಿದರೆ ಹೇಗೆ ಎಂದು ಅಪ್ಪ ಗಾದೆ ಹೇಳಿ ಬಾಯಿ ಮುಚ್ಚಿಸುತ್ತಿದ್ದರು. ಕುದಾಪುರದ ಹುಲ್ಲುಗಾವಲಿನಲ್ಲಿ ಒಮ್ಮೆ ಕಾರು ನಿಲ್ಲಿಸಿದಾಗ ಇಡೀ ಹಿಂಡು ಬಂದು ಸುತ್ತುವರಿದು, ಒಂದು ಮರಿ ಕಿಟಕಿಯಲ್ಲಿ ಮುಖ ಇಟ್ಟು ಸೂರನ್ನು ನೋಡಿ ಅರಚಿತು. ಅದಕ್ಕೆ ಯಾರ ನೆನಪಾಯಿತೋ.

ಆದರೆ ಯಾರೂ ಯೋಚಿಸದ ಒಂದು ಸಂಗತಿ ಇತ್ತು. ನಮ್ಮ ಸೀಮೆಯಲ್ಲಿ ಕಂಬಳಿ ಬರೀ ಹೊದಿಕೆಯಲ್ಲ. ದೇವರನ್ನು ಕೂರಿಸುವುದು ಕಂಬಳಿಯ ಮೇಲೆ. ನ್ಯಾಯ ಹೇಳಲು ಹಿರಿಯರು ಕೂರುವುದೂ ಕಂಬಳಿಯ ಮೇಲೆ. ಅದನ್ನು ಚಪ್ಪಲಿ ಕಾಲಲ್ಲಿ ಯಾರೂ ಮುಟ್ಟುವುದಿಲ್ಲ. ಹೊಸ ಸೂರಿನ ಕೆಳಗೆ ಮೊದಲು ಕೂತವನು ಕೆಂಚಪ್ಪ. ಬಾಗಿಲು ತೆಗೆದವನು ತಲೆ ಎತ್ತಿ ಕಂಬಳಿ ನೋಡಿದ, ಚಪ್ಪಲಿಯನ್ನು ಹೊರಗೆ ಬಿಟ್ಟ, ಕಂಬಳಿ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕೂತ. ಕಂಬಳಿ ಕಾಲ ಕೆಳಗೆ ಇಲ್ಲವಲ್ಲ, ತಲೆಯ ಮೇಲಿದೆಯಲ್ಲ ಎಂದು ಅಪ್ಪ ವಾದಿಸಿ ನೋಡಿದರು. ತಲೆ ಮೇಲಿದ್ರೆ ಇನ್ನೂ ದೊಡ್ಡದಲ್ವ ಎಂದ ಕೆಂಚಪ್ಪ. ಒಬ್ಬನು ಬಿಟ್ಟ ಮೇಲೆ ಮತ್ತೊಬ್ಬನು ಹೇಗೆ ಬಿಡದೆ ಇದ್ದಾನು? ಹತ್ತಿದವರೆಲ್ಲ ಚಪ್ಪಲಿ ಬಿಟ್ಟೇ ಹತ್ತಿದರು. ವಾರದೊಳಗೆ ಅಪ್ಪನೂ ಬರಿಗಾಲಲ್ಲಿ ಕ್ಲಚ್ ತುಳಿಯತೊಡಗಿದರು. ಎಲ್ಲರೂ ಒಳಗೆ ಕೂತ ಮೇಲೆ ಕೆಂಚಪ್ಪ ಚಪ್ಪಲಿಗಳನ್ನು ಎತ್ತಿ ಡಿಕ್ಕಿಗೆ ಹಾಕಿ ಕೊನೆಗೆ ಹತ್ತುವುದು ಎಂದು ಒಂದು ಪದ್ಧತಿಯಾಯಿತು.

ಅವ್ವ ಹತ್ತಲಿಲ್ಲ. ರೆಕ್ಸಿನ್ ಕೂಡ ಬೆಳಿಗ್ಗೆ ಚೆಂದವೇ ಇತ್ತು ಎಂದಳು. ಮೊಳಕಾಲ್ಮುರುವಿಗೆ ಹೋಗಿ, ಅಲ್ಲಿಯ ಬಿಸಿಲಲ್ಲೂ ನಿಂತು ತೋರಿಸಲಿ. ಬೀಗರ ಮುಂದೆ ಎರಡನೇ ಸಲ ನಾನು ಮಣ್ಣು ಹೊತ್ತು ಇಳಿಯುವವಳಲ್ಲ ಎಂದಳು. ಅಂದು ರಾತ್ರಿ ಅಪ್ಪ ಒಂದು ರೊಟ್ಟಿ ಕಡಿಮೆ ತಿಂದರು, ನನಗೆ ಬಹಳ ಬೇಜಾರಾಯಿತು.

ಮದುವೆಯ ಹಿಂದಿನ ದಿನ ಹೊರಟದ್ದು ಹೀಗೆ: ಕಾರಿನಲ್ಲಿ ಅಪ್ಪ, ದೊಡ್ಡಪ್ಪ, ದೊಡ್ಡಪ್ಪನ ಗೆಳೆಯರಾದ ರಿಟೈರ್ಡ್ ಮೇಷ್ಟ್ರು, ಕೆಂಚಪ್ಪ; ಮನೆಗೆ ಬೀಗ ಹಾಕಿಕೊಂಡು ಮುಂದಿನ ಬಸ್ಸಿಗೆ ಅವ್ವ, ನಾನು. ಉಡುಗೊರೆಯ ಹಂಡೆ, ಕೊಳಗ ಎಲ್ಲ ಡಿಕ್ಕಿಯಲ್ಲಿ ತುಂಬಿತ್ತು. ದೊಡ್ಡಪ್ಪ ಮದುವೆಗೆಂದೇ ಹೊಸ ಜೋಡು ಹೊಲಿಸಿದ್ದರು. ನಡೆದರೆ ಕಿರ್ ಕಿರ್ ಎನ್ನುವ ಜೋಡು. ಆ ಸದ್ದು ಬಾರದಿದ್ದರೆ ಚಮ್ಮಾರನಿಗೆ ವಾಪಸು ಕೊಡುವ ಜಾತಿಯ ಮನುಷ್ಯ ಅವರು. ಕೆಂಚಪ್ಪ ಅಂದು ಮೇಸ್ತ್ರಿಯಲ್ಲ, ಬೀಗರ ಕಡೆಯ ಹಿರಿಯ. ಹೊಸ ಪಂಚೆ ಉಟ್ಟು ಎಲ್ಲರಿಗಿಂತ ಮೊದಲೇ ಹಿಂದಿನ ಸೀಟಿನಲ್ಲಿ ಕೂತಿದ್ದ. ಅಪ್ಪ ಹಾರನ್ ಹೊಡೆದರು, ಕಾರು ಹೋಯಿತು.

ಬೀಗ ಹಾಕಿ ನಾವು ಗೇಟಿಗೆ ಬಂದೆವು. ಕಾರು ನಿಂತಿದ್ದ ಜಾಗದಲ್ಲಿ ಕಾರಿರಲಿಲ್ಲ, ಕಾರಿನ ಅತ್ತ ಇತ್ತ ಬಿಟ್ಟ ನಾಲ್ಕು ಜೊತೆ ಚಪ್ಪಲಿಗಳಿದ್ದವು. ಯಾರೋ ಅದೃಶ್ಯ ಮನುಷ್ಯರು ಅದೃಶ್ಯ ಕಾರು ಹತ್ತುತ್ತಿರುವ ಹಾಗೆ ಎಲ್ಲವೂ ಒಳಮುಖವಾಗಿದ್ದವು. ಅವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಿರಣಿಯಿಂದ ಒಂದು ಗೋಣಿಚೀಲ ತಾ ಎಂದಳು.

ಬಸ್ಸಿನಲ್ಲಿ ಆ ಚೀಲ ನನ್ನ ತೊಡೆಯ ಮೇಲೆ ಕೂತಿತ್ತು. ಅದೇ ಕಂಡಕ್ಟರ್. ಇವತ್ತು ಸಾವ್ಕಾರ್ರು ಹಿಂದೆ ಬರ್ತಿಲ್ವ ಎಂದು ಕೇಳಿದ, ಮುಂದೆ ಹೋಗಿದ್ದಾರೆಂದು ಅವ್ವ ಹೇಳಿದಳು. ಚೀಲವನ್ನು ಮೇಲೆ ಹಾಕಲು ಕೈ ಚಾಚಿದ ಅವನಿಗೆ, "ಬ್ಯಾಡಪ್ಪ, ಇಲ್ಲೇ ಇರ್ಲಿ. ಇದರಾಗೆ ದೊಡ್ಡೋರ ಮಾನ ಐತೆ" ಎಂದಳು. ಕಂಡಕ್ಟರ್ ಅದಕ್ಕೆ ಲಗೇಜ್ ಚೀಟಿ ಹರಿಯಲಿಲ್ಲ.

ಮೊಳಕಾಲ್ಮುರುವಿನಲ್ಲಿ ಇಳಿದು ಮಾವನ ಬೀದಿಗೆ ತಿರುಗಿದರೆ ಬೀದಿಯ ಬಾಯಲ್ಲೇ ನಮ್ಮ ಕಾರು. ಅಲ್ಲಿಂದ ಮುಂದೆ ಚಪ್ಪರ ಹಾಕಿದ್ದರಿಂದ ಗಾಡಿ ಹೋಗುವಂತಿರಲಿಲ್ಲ. ಕಾರಿನಿಂದ ಚಪ್ಪರದವರೆಗೆ ಹಾಸುಗಲ್ಲು. ಮೇ ತಿಂಗಳ ಎರಡು ಗಂಟೆಗೆ ಆ ಕಲ್ಲಿನ ಮೇಲೆ ರೊಟ್ಟಿ ಬೇಯುತ್ತಿತ್ತು. ಕಾರಿನ ಸುತ್ತ ಮದುವೆಮನೆಯೇ ನೆರೆದಿತ್ತು. ಗಿರಿಜತ್ತೆ ಪಾನಕದ ತಟ್ಟೆ ಹಿಡಿದಿದ್ದಳು, ಯಾರೋ ಕಾಲಿಗೆ ನೀರಿನ ತಂಬಿಗೆ ಹಿಡಿದಿದ್ದರು, ಶೇಖರಮಾವ ಕೈ ಮುಗಿದುಕೊಂಡು ನಿಂತಿದ್ದ. ನಾಲ್ಕೂ ಜನ ಹಿರಿಯರು ಕಾರಿನಲ್ಲೇ ಕೂತಿದ್ದರು.

ಮಾವ ಓಡಿ ಬಂದು ಅವ್ವನ ಕೈ ಹಿಡಿದುಕೊಂಡ. "ಅಕ್ಕಾ, ನಮ್ಮಿಂದ ಏನ್ ತಪ್ಪಾತು? ಭಾವ ಕಾರ್ ಬಿಟ್ಟು ಇಳೀವಲ್ರು. ದೊಡ್ಡೋರು ಮಾತೇ ಆಡ್ತಿಲ್ಲ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನಮ್ಮಲ್ಲಿ ಬೀಗರು ಬಂದ ಗಾಡಿಯಿಂದ ಇಳಿಯಲಿಲ್ಲ ಎಂದರೆ ಅದಕ್ಕೆ ಒಂದೇ ಅರ್ಥ, ಮುನಿಸು. ಎದುರುಗೊಳ್ಳಲು ಯಾರು ಬಂದರು, ಯಾರು ಬರಲಿಲ್ಲ, ಬಾಜಾ ಯಾಕೆ ಊದಲಿಲ್ಲ, ನಿಶ್ಚಿತಾರ್ಥದ ದಿನ ಹಿಟ್ಟಿನ ಗಿರಣಿ ಎಂದದ್ದಕ್ಕೆ ಸಿಟ್ಟೋ ಎಂದು ಎಲ್ಲರೂ ಎಲ್ಲವನ್ನೂ ಯೋಚಿಸಿ ಮುಗಿಸಿದ್ದರು. ಗಿರಿಜತ್ತೆ ಎರಡು ಸಲ ತಪ್ಪೊಪ್ಪಿಕೊಂಡು ಎರಡು ಸಲ ಪಾನಕ ಕೊಟ್ಟಿದ್ದಳು. ಅವರು ಕುಡಿದು ಲೋಟ ವಾಪಸು ಕೊಟ್ಟಿದ್ದರು, ಇಳಿದಿರಲಿಲ್ಲ.

ಅವ್ವ ಕಿಟಕಿಯಲ್ಲಿ ಬಗ್ಗಿ ನೋಡಿದಳು. ಅಪ್ಪ ಸ್ಟೇರಿಂಗ್ ಹಿಡಿದು, ಕಾರು ಓಡುತ್ತಿದೆಯೇನೋ ಎಂಬಂತೆ ನೇರ ಮುಂದೆ ನೋಡುತ್ತಿದ್ದರು. ದೊಡ್ಡಪ್ಪ ಕಣ್ಣು ಮುಚ್ಚಿದ್ದರು. ಮೇಷ್ಟ್ರು ತಮ್ಮ ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡಿದ್ದರು. ಕೆಂಚಪ್ಪ ಮಾತ್ರ ಅವ್ವನ ಮುಖ ನೋಡಿದ, ಆಮೇಲೆ ನನ್ನ ಕೈಯ ಗೋಣಿಚೀಲ ನೋಡಿದ. ಅವನು ಅಷ್ಟು ಆಸೆಯಿಂದ ಯಾವುದನ್ನೂ ನೋಡಿದ್ದನ್ನು ನಾನು ಕಂಡಿಲ್ಲ.

ಅವ್ವ ಆ ಚೀಲವನ್ನು ಅಲ್ಲೇ ಬಿಚ್ಚಬಹುದಿತ್ತು. ಬಿಚ್ಚಿದ್ದರೆ ಹಿಟ್ಟಿನ ಗಿರಣಿಯ ಬಡ್ಡಿ ಅಸಲು ಎಲ್ಲ ತೀರುತ್ತಿತ್ತು. ಇವತ್ತಿಗೂ ಮೊಳಕಾಲ್ಮುರುವಿನಲ್ಲಿ ನಮ್ಮ ಮನೆಯ ಗಂಡಸರು ಚಪ್ಪಲಿ ಹಾಕಿಕೊಂಡು ನಡೆದರೂ ಜನ ಬರಿಗಾಲಿನವರು ಎಂದೇ ಕರೆಯುತ್ತಿದ್ದರು. ಅವಳು ಮಾವನ ಕಡೆ ತಿರುಗಿ, "ನೀವೆಲ್ಲ ಒಳಗ್ ಹೋಗ್ರಪ್ಪ. ನಾ ಮಾತಾಡಿ ಕರ್ಕೊಂಡ್ ಬರ್ತೀನಿ" ಎಂದಳು. ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಕಾರಿನ ಮುಂದಿನ ಎಡಗಡೆ ಬಾಗಿಲು ತೆಗೆದಳು. ಆ ಸೀಟು ಅವತ್ತೂ ಖಾಲಿಯೇ ಇತ್ತು. ಚಪ್ಪಲಿ ಬಿಟ್ಟು, ಚೀಲ ತಬ್ಬಿಕೊಂಡು ಒಳಗೆ ಕೂತು, ಬಾಗಿಲು ಎಳೆದುಕೊಂಡು, ಗಾಜು ಏರಿಸಿದಳು.

ದೂರ ನಿಂತ ಮದುವೆಮನೆಯವರಿಗೆ ಕಂಡದ್ದು ಇಷ್ಟು: ಅಕ್ಕ ಏನೋ ಹೇಳುತ್ತಿದ್ದಾಳೆ, ಒಬ್ಬೊಬ್ಬರಾಗಿ ಹಿರಿಯರು ತಲೆ ತಗ್ಗಿಸುತ್ತಿದ್ದಾರೆ. ಎಂಥ ಮಾತು ಹೇಳಿರಬೇಕು ಎಂದು ಗಿರಿಜತ್ತೆ ನನ್ನ ಪಕ್ಕದಲ್ಲಿ ಉಸಿರು ಬಿಟ್ಟಳು. ಆಮೇಲೆ ಬಾಗಿಲು ತೆರೆಯಿತು. ಮೊದಲು ಕಿರ್ ಕಿರ್ ಎಂದು ದೊಡ್ಡಪ್ಪ ಇಳಿದರು, ಹಿಂದೆ ಮೇಷ್ಟ್ರು, ಹಿಂದೆ ಕೆಂಚಪ್ಪ. ಬಾಜಾದವರು ತಾವೇ ತಿಳಿದುಕೊಂಡು ಊದಿದರು. ಮಾವ ದೊಡ್ಡಪ್ಪನ ಕಾಲು ಮುಟ್ಟಿದ. ದೊಡ್ಡಪ್ಪ, ಹಿರಿಯರೆಂದ ಮೇಲೆ ಅವೆಲ್ಲ ಇರುತ್ತಪ್ಪ ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು. ಮೆರವಣಿಗೆ ಚಪ್ಪರದ ಕಡೆ ಹೋಯಿತು.

ಅವ್ವ ಇಳಿಯಲಿಲ್ಲ. ನಾನು ಹತ್ತಿರ ಹೋದೆ. ಅವಳು ಗಾಜು ಇಳಿಸಿದ್ದಳು. ಕತ್ತೆತ್ತಿ ಸೂರು ನೋಡುತ್ತಿದ್ದಳು, ಮೆಲ್ಲಗೆ ಕೈ ಚಾಚಿ ಅಂಗೈಯನ್ನು ಪೂರ್ತಿ ಕಂಬಳಿಗೆ ಇಟ್ಟಳು.

"ತಂಪೈತಲ್ರಿ" ಎಂದಳು.

"ಅವಾಗಿಂದ ಬಿಸಿಲಾಗೇ ನಿಂತೈತೆ" ಎಂದರು ಅಪ್ಪ.

ಅವ್ವ ಸೊಂಟದಿಂದ ಡಬ್ಬಿ ತೆಗೆದು ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿದಳು. ಅಪ್ಪನ ಕೈ ಸ್ಟೇರಿಂಗಿನ ಮೇಲಿತ್ತು, ಬಾಯಿಗೇ ಇಟ್ಟಳು. ಶಾಸ್ತ್ರ ಸಂಜೆಗಲ್ವ, ಇನ್ನೂ ಹೊತ್ತೈತೆ ಎಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. ಕಾರು ಕೆಮ್ಮಿತು, ಹಿಂದಕ್ಕೆ ಸರಿಯಿತು, ನುಂಕಪ್ಪನ ಬೆಟ್ಟದ ರಸ್ತೆಗೆ ತಿರುಗಿತು. ಕರು ಐತೆ ನೋಡ್ರಿ ಎನ್ನುವ ಅವ್ವನ ದನಿ ಬೀದಿಯ ಕೊನೆಯವರೆಗೂ ಕೇಳಿಸಿತು.

ಕಾರು ನಿಂತಿದ್ದ ಜಾಗದಲ್ಲಿ ಅವ್ವನ ಚಪ್ಪಲಿಗಳು ಒಳಮುಖವಾಗಿ ಉಳಿದಿದ್ದವು. ನಾನು ಅವನ್ನು ಎತ್ತಿಕೊಂಡೆ. ಅಷ್ಟರಲ್ಲಿ ಗಿರಿಜತ್ತೆ ಮೂರನೇ ಸಲ ಪಾನಕ ಹಿಡಿದು ಬಂದು, ವದಿನ ಎಲ್ಲಿ, ಬಸ್ಸಿಗೆ ಹೋದ್ರಾ ಏನು ಎಂದು ಗಾಬರಿಯಾಗಿ ಕೇಳಿದಳು.

ನಾನು ಆ ಚಪ್ಪಲಿಗಳನ್ನು ಎದೆಗೊತ್ತಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದೆ: "ಇಲ್ಲ ಅತ್ತೆ. ಅವ್ವ ಕಾರ್ನಾಗೆ ಐದಾಳೆ."